ನಿಲ್ಲಿಸಿದ ತೊಟ್ಟಿ

ಆ ಕಡೆ ಹಿಡಿ, ಓಲೆಕ್. ಬೆರಳು ಜೋಪಾನ.
ಮಲಗಿದ್ದ ತೊಟ್ಟಿಯನ್ನು ಎಬ್ಬಿಸಿ ನಿಲ್ಲಿಸಬೇಕು.
ಇಪ್ಪತ್ತು ವರ್ಷ ಇದರಲ್ಲಿ ನಮ್ಮವರ ಮೀನುಗಳಿದ್ದವು.
ಮೀನಿಗೆ ಉದ್ದ ಬೇಕು, ಹಲ್ಲಿಗೆ ಎತ್ತರ.
ಅಂಗಡಿಯವನು ನಿನ್ನ ತಲೆಗೆ ಕಟ್ಟಿದ್ದು ಆಮೆಯ ಮನೆ.

ಗ್ದಿನಿಯಾದ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಕ್ರೇನಿನ ಗೂಡಿಗೆ ಹತ್ತಿದವಳು ನಾನು.
ನೂರಾ ಹನ್ನೆರಡು ಮೆಟ್ಟಿಲು,
ಬೆನ್ನಿಗೆ ಚಹಾದ ಫ್ಲಾಸ್ಕು,
ಕೈಗವಸಿನೊಳಗೂ ಸೆಟೆದ ಬೆರಳು.
ಹತ್ತುವವರಿಗೆ ಏನು ಬೇಕೆಂದು ನನ್ನನ್ನು ಕೇಳು.

ಗಾಜನ್ನೂ ಹತ್ತುತ್ತದೆ, ಗೊತ್ತು, ಅದು ಅದರ ಜಂಬ.
ಗಾಜಿನ ಮೇಲೆ ಬಾಳ್ವೆ ಆಗುತ್ತದೇನು?
ಹಗಲೆಲ್ಲ ತಲೆಕೆಳಗಾಗಿ ಅಂಟಿ ಮಲಗಿದರೆ
ಸೊಂಟ ಸೊಟ್ಟಗಾಗುತ್ತದಂತೆ.
ಬೆಂಡಿನ ತೊಗಟೆ ಕೊಡು ಇಲ್ಲಿ, ಒರಟು ಮುಖ ಹೊರಗೆ.
ಬಿದಿರಿನ ತುಂಡು ಓರೆಯಾಗಿರಲಿ,
ಅದರ ಮೈ ಹಿಡಿಸುವಷ್ಟೇ ದಪ್ಪ, ಅಲ್ಲಾಡಬಾರದು.
ಅಲ್ಲಾಡುವ ಮೆಟ್ಟಿಲಿಗಿಂತ ಮೆಟ್ಟಿಲಿಲ್ಲದ್ದೇ ಮೇಲು.

ಬುಡಕ್ಕೆ ಸುಟ್ಟ ಮಣ್ಣಿನ ಗುಂಡು, ಮೇಲೆ ಪರದೆ ಬಟ್ಟೆ,
ಆಮೇಲೆ ಮಣ್ಣು. ನೀರು ನಿಂತರೆ ಬೇರು ಕೊಳೆತೀತು.
ಮನಿ ಪ್ಲಾಂಟ್ ಮೂರನೇ ಮಹಡಿಯ ಲುಚೀನಾಳದ್ದು,
ಕೇಳಿ ತಂದದ್ದಲ್ಲ.
ಕದ್ದ ಬಳ್ಳಿ ಚೆನ್ನಾಗಿ ಹಬ್ಬುತ್ತದೆ, ನೀನು ಬಾಯಿ ಬಿಡಬೇಡ.

ಬಾಗಿಲಿಗೆ ಜಾಲರಿ: ಕೆಳಗೊಂದು ಸೀಳು, ಮೇಲೊಂದು.
ಗಾಳಿ ತಾನೇ ಹತ್ತಿಕೊಳ್ಳುತ್ತದೆ.
ಕಾಯಿಸುವ ದೀಪ ಬೇಡವೇ ಬೇಡ.
ಜುಲೈಯಲ್ಲಿ ನನ್ನ ಗೂಡು ಬಾಣಲೆಯಾಗುತ್ತಿತ್ತು,
ಕೆಳಗೆ ಕಚೇರಿಯಲ್ಲಿ ಅದು ಬರೀ ಒಂದು ಅಂಕಿ.
ಇಪ್ಪತ್ತೆಂಟು ದಾಟಿದರೆ ಇದರ ಜೀವಕ್ಕೇ ಬಂತು ಅಂತಿಟ್ಟುಕೋ.

ಊಟದ ಬಟ್ಟಲು ನೆಲದಲ್ಲಿಡಬೇಡ.
ಊಟಕ್ಕೆಂದು ನಾನೇನು ಇಳಿಯುತ್ತಿದ್ದೆನೇ?
ಹಗ್ಗಕ್ಕೆ ಬುಟ್ಟಿ ಕಟ್ಟಿ ಕಳಿಸುತ್ತಿದ್ದರು,
ಸಾರು ಅರ್ಧ ದಾರಿಯಲ್ಲೇ ತಣ್ಣಗೆ.

ಈಗ ಬಾಲದ ವಿಷಯ.
ನೀನು ಹಿಡಿದೆ, ಅದು ಬಿಟ್ಟುಕೊಟ್ಟಿತು, ಅಷ್ಟೇ ತಾನೆ?
ಮತ್ತೆ ಬೆಳೆಯುವುದಿಲ್ಲ. ಈ ರೆಪ್ಪೆಹಲ್ಲಿಯ ಜಾತಿಯೇ ಹಾಗೆ.
ಅದರ ದ್ವೀಪದಲ್ಲಿ ದೊಡ್ಡವು ಬಹುಪಾಲು ಮೊಂಡಬಾಲದವೇ,
ಕೊಂಬೆಯಿಂದ ಕೊಂಬೆಗೆ ಹಾರಿಕೊಂಡೇ ಇವೆ.
ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೀಯಾ?
ಇರಲಿ. ಇಟ್ಟುಕೋ.

ಡಬ್ಬಿಯ ಮುಚ್ಚಳ ತೆಗೆ, ಮೆಲ್ಲಗೆ. ಹಿಡಿಯಬೇಡ,
ತಾನಾಗಿ ಬರಲಿ ಗುಜಿಕ್.
ನೀರು ಚಿಮುಕಿಸು, ಎಲೆಗೆ ಮಾತ್ರ.
ನೋಡು, ರೆಪ್ಪೆ ಮುಚ್ಚಲಾಗದ ಕಣ್ಣನ್ನು
ನಾಲಿಗೆಯಿಂದ ಒರೆಸಿಕೊಂಡಿತು.

ಹತ್ತುತ್ತಿಲ್ಲ ಅಂತ ಮುಖ ಯಾಕೆ ಇಳಿಸಿದೆ?
ಮೊದಲ ದಿನ ಹತ್ತನೇ ಮೆಟ್ಟಿಲಲ್ಲಿ
ನಾನೂ ಕಂಬಿ ತಬ್ಬಿ ನಿಂತುಬಿಟ್ಟಿದ್ದೆ.
ಕೆಳಗೆ ಎಲ್ಲರೂ ಕತ್ತೆತ್ತಿ ನಕ್ಕರು.
ವೆಲ್ಡಿಂಗಿನ ಮುದುಕನೊಬ್ಬ ಮಾತ್ರ
ಸಿಗರೇಟು ಹಚ್ಚುವ ನೆಪದಲ್ಲಿ ಬೆನ್ನು ತಿರುಗಿಸಿದ,
ಉಳಿದವರನ್ನೂ ಬೈದು ತಿರುಗಿಸಿದ.

ಗಾಜಿಗೆ ಮೂಗು ಒತ್ತಬೇಡ, ಬಾ.
ಈ ಕಡೆ ಮುಖ ಮಾಡಿ ಕೂರು. ಚಹಾ ಕುಡಿ.
ಸಕ್ಕರೆ ಸಾಕೆ?

ಕೇಳಿಸಿತಾ?
ಎಲೆಯಿಂದೊಂದು ಹನಿ ಬಿತ್ತು.
ತಾನಾಗಿ ಬಿದ್ದದ್ದಲ್ಲ.
ತಿರುಗಬೇಡ.