ಏಳನೇ ಕಂತು

ಕೊನೆಯ ದೃಶ್ಯದಲ್ಲಿ ಅವಳ ವಾಚು
ಎಡಗೈಯಲ್ಲಿತ್ತೋ, ಬಲಗೈಯಲ್ಲೋ?
ಸುಲ್ತಾನ್ ಬತ್ತೇರಿಯ ಕಡವಿನಲ್ಲಿ, ಶನಿವಾರ ಸಂಜೆ,
ನಾವು ಮೂವರು ಇನ್ನೂ ಅದರಲ್ಲೇ.

"ಎಂತ ಮಾರಾಯ್ತಿ, ಅವಳು ವಾಪಸು ಬಂದದ್ದೇ.
ಒಡೆದ ಪಿಂಗಾಣಿ ಮೇಜಿನ ಮೇಲೆ ಇಡಿಯಾಗಿ ಉಂಟಲ್ಲ!"
ನೌಫಲ್ ಫೋನಿನಲ್ಲಿ ಚಿತ್ರ ಹಿಗ್ಗಿಸಿ ತೋರಿಸುತ್ತಾನೆ.
"ಬಂದದ್ದು ಹೌದು. ಅವಳೇ ಬಂದದ್ದಾ?"
ಪ್ರೆಸಿಲ್ಲಾಳ ಚರುಮುರಿ ಗಾಳಿಗೆ ಚೆಲ್ಲುತ್ತದೆ.
ಬಾಗಿಲು ತೆರೆದ ತಾಯಿಯ ಮುಖಕ್ಕೆ
ನಗು ಬಂದದ್ದು ಅರ್ಧ ಸೆಕೆಂಡು ತಡವಾಗಿಯಂತೆ.
ಅರ್ಧ ಸೆಕೆಂಡು ಯಾವ ಸಾಕ್ಷಿ?
ನಟಿಗೆ ನಿದ್ದೆ ತೂಗಿರಬಹುದು.

ದೋಣಿ ಹತ್ತಿದರೂ ಬಿಡಲಿಲ್ಲ. ಟಿಕೆಟು ಹರಿಯುವ ವಾಮನಣ್ಣ
ಕೇಳಿಯೂ ಕೇಳದವನಂತೆ ನಿಂತಿದ್ದವ
ನಡುಹೊಳೆಯಲ್ಲಿ ತಡೆಯಲಾರದೆ ಅಂದ:
"ಅಲ್ಲ, ಆ ಹುಡುಗಿ ಹೋಗುವಾಗ ತೆಗೆದ ಟಿಕೆಟು
ಹೋಗ್ಲಿಕ್ಕೆ ಮಾತ್ರದ್ದಾ, ಬರ್ಲಿಕ್ಕೂ ಇದ್ದದ್ದಾ?"

ನಕ್ಕೆವು.
ತಣ್ಣೀರುಬಾವಿಯ ಗಾಳಿಮರಗಳು
ತಾವೇ ನಮ್ಮ ಕಡೆಗೆ ಬರುತ್ತಿದ್ದ ಹಾಗೆ.

ನಾನು ಅವರಿಗೆ ಹೇಳಲಿಲ್ಲ:
ನಲವತ್ತು ದಿನ ಆಸ್ಪತ್ರೆಯಲ್ಲಿದ್ದು
ಮೊನ್ನೆ ಗೇಟು ತೆರೆದಾಗ
ನಮ್ಮ ಬೊಗ್ಗು ಓಡಿ ಬಂದು, ನಿಂತು,
ನನ್ನ ಕೈ ಮೂಸಿ,
ಬಾಲ ಅಲ್ಲಾಡಿಸಿದ್ದು
ಆಮೇಲೆ.