ಒಳಗಿನ ಚಿಲಕ

ಜೂನ್ ತಿಂಗಳು. ಶಾಲೆ ಖಾಲಿ.
ನೆಲಕ್ಕೆ ಮೇಣ ಹಚ್ಚುವ ಕಾಲ.
ನೆಬ್ರಾಸ್ಕಾದ ಈ ಮೂಲೆಗೆ ಬಂದರು ಅವರು
ಎರಡು ಹಳೇ ವ್ಯಾನುಗಳಲ್ಲಿ,
ಒಂದು ಕ್ಯಾಮೆರಾ, ಒಂಬತ್ತು ಜನ,
ತಾಯಿಯ ಮನೆ ಅಡವಿಟ್ಟು ದುಡ್ಡು ತಂದ ನಿರ್ದೇಶಕಿ
ಇಂಗ್ರಿಡ್ ಪಲಾಚೆಕ್.
ಕೀಲಿಗೊಂಚಲು ನನ್ನ ಸೊಂಟದಲ್ಲಿತ್ತಲ್ಲ,
ಹಾಗಾಗಿ ನಾನೂ ಸಿನಿಮಾದವನಾದೆ.

"ಬಂದೂಕು ತೋರಿಸೋದಿಲ್ಲ, ಡೆಲ್ಮರ್," ಅಂದಳು,
"ಸದ್ದು ಮಾತ್ರ."
ಆ ಸದ್ದಿಗೆ ಮೂರು ದಿನ ಹುಡುಕಿದರು.
ದಪ್ಪ ನಿಘಂಟು ನೆಲಕ್ಕೆ ಬೀಳಿಸಿದರು,
ಜಿಮ್ಮಿನ ಬೆಂಚು ಒದ್ದರು,
ಕೊನೆಗೆ ಸಿಕ್ಕಿದ್ದು ಲಾಕರಿನ ಬಾಗಿಲು,
ಇನ್ನೂರ ಏಳನೆಯದು.
ಇಪ್ಪತ್ತಾರು ವರ್ಷ ದಿನಾ ಕೇಳಿದ ಸದ್ದು.
ಈಗ ಅದು ಬಡಿದರೆ
ಹೆಗಲು ತಾನಾಗಿ ಕುಗ್ಗುತ್ತದೆ.

ರಕ್ತ ಅಂದರೆ ಮೆಕ್ಕೆಜೋಳದ ಪಾಕ, ಕೆಂಪು ಬಣ್ಣ.
ಊರ ಸುತ್ತ ಇರುವುದೂ ಅದೇ ಜೋಳ,
ಕಿಟಕಿಯಾಚೆ ಮೊಣಕಾಲುದ್ದ ಬೆಳೆದು ನಿಂತಿತ್ತು.
ರಾತ್ರಿ ಎಷ್ಟು ಒರೆಸಿದರೂ ಬೆಳಗ್ಗೆ
ಬಿಲ್ಲೆಗಳ ಸಂದಿಯಲ್ಲಿ ಇರುವೆ ಸಾಲು.
ಅವಕ್ಕೇನು, ಸಿಹಿ ಸಿಹಿಯೇ.

ಕೊಲ್ಲುವ ಹುಡುಗನ ಪಾತ್ರಕ್ಕೆ ಟೋಬಿನ್ ಹಾಸ್ಕೆ,
ಟ್ರ್ಯಾಕ್ಟರ್ ರಿಪೇರಿಯವನ ಮಗ.
ಆ ಇರುವೆ ಸಾಲನ್ನು ದಾಟಿ ನಡೆಯುತ್ತಿದ್ದವನು ಅವನೊಬ್ಬನೇ.
ಎರಡನೇ ವಾರಕ್ಕೆ ಅವನ ಊಟದ ಮೇಜು ಖಾಲಿಯಾಯಿತು.
ಯಾರೂ ಬೈಯಲಿಲ್ಲ, ಯಾರೂ ಏನೂ ಅನ್ನಲಿಲ್ಲ,
ತಟ್ಟೆ ಎತ್ತಿಕೊಂಡು ಮೆಲ್ಲಗೆ ಆಚೆ ಸರಿದರು.
ಅದು ಚಿತ್ರಕಥೆಯಲ್ಲಿ ಇರಲಿಲ್ಲ.
ಇಂಗ್ರಿಡ್ ದೂರದಿಂದ ನೋಡಿ
ಕ್ಯಾಮೆರಾದವನಿಗೆ ಕಣ್ಸನ್ನೆ ಮಾಡಿದಳು.
ನಾನು ಕಸದ ಡಬ್ಬಿ ಎಳೆದುಕೊಂಡು
ಅವಳ ಚೌಕಟ್ಟಿನ ನಡುವೆಯೇ ಹೋಗಿ
ಅವನೆದುರು ಕೂತು ಸ್ಯಾಂಡ್‌ವಿಚ್ ಬಿಚ್ಚಿದೆ.
ಕಟ್ ಅಂತ ಯಾರೂ ಕೂಗಲಿಲ್ಲ.

ನೂರ ಹದಿನಾಲ್ಕನೆಯ ಕೋಣೆ. ಹದಿನೇಳು ಮಕ್ಕಳು.
ಎಲ್ಲಿ ಅಡಗಬೇಕು, ಹೇಗೆ ಅಡಗಬೇಕು
ಹೇಳಿಕೊಡಲು ಕಾಗದ ಹಿಡಿದು ಒಳಗೆ ಹೋದಳು.
ಅಷ್ಟರಲ್ಲಿ ದೀಪ ಆರಿತ್ತು,
ಪರದೆ ಇಳಿದಿತ್ತು, ಫೋನುಗಳೆಲ್ಲ ಬೋರಲು.
ಬಾಗಿಲ ಗಾಜಿಗೆ ಕಾಣದ ಮೂಲೆಯಲ್ಲಿ
ಮೊಣಕಾಲು ಅಪ್ಪಿ ಕೂತಿದ್ದವು ಹದಿನೇಳೂ,
ಎತ್ತರದವರು ಹೊರಗೆ, ಸಣ್ಣವರು ಗೋಡೆಯ ಕಡೆ.
ಐದನೇ ವಯಸ್ಸಿನಿಂದ ಕಲಿತ ಪಾಠ.
ಅವಳ ಕೈಯಲ್ಲಿ ಕಾಗದ ಹಾಗೇ ಉಳಿಯಿತು.
ಎಲ್ಲರ ಬಾಯಿಗೂ ಬೀಗ.

ಬಾಗಿಲಿಗೆ ಮಾತ್ರ ಇರಲಿಲ್ಲ.
"ಒಳಗಿಂದ ಬೀಳೋದಿಲ್ಲಮ್ಮ ಆ ಚಿಲಕ," ಅಂದೆ,
"ಮಂಡಳಿಗೆ ಮೂರು ಪತ್ರ ಬರೆದಿದ್ದೀನಿ."
ದುಡ್ಡಿಲ್ಲ ಅಂದಿದ್ದರು ಅವರು,
ಅದೇ ವರ್ಷ ಫುಟ್‌ಬಾಲ್ ಮೈದಾನಕ್ಕೆ ಹೊಸ ದೀಪ ಬಂದಿತ್ತು.
ಇಂಗ್ರಿಡ್‌ಗೆ ಆ ಟಕ್ ಬೇಕಿತ್ತು,
ಮುಚ್ಚಿದ ಬಾಗಿಲಿನ ಟಕ್.
ನೂರ ನಲವತ್ತು ಡಾಲರ್.
ಊಟದ ಲೆಕ್ಕದಲ್ಲಿ ಬರೆದುಕೊಂಡಳು.

ಸಿನಿಮಾ ಎಲ್ಲೆಲ್ಲಿಗೋ ಹೋಗಿ ಬಂತಂತೆ.
ನಮ್ಮೂರಿಗೆ ಬಂದ ದಿನ ಹಿಮ ಸುರಿದು
ಚರ್ಚಿನ ನೆಲಮಾಳಿಗೆಯಲ್ಲಿ ಹನ್ನೊಂದೇ ಜನ.
ನಾನು ಕೂತ ದೃಶ್ಯ ಇರಲಿಲ್ಲ.
ಟೋಬಿನ್ ಬಂದಿರಲಿಲ್ಲ.

ಈಗಲೂ ಸಂಜೆ, ಮಕ್ಕಳು ಹೋದ ಮೇಲೆ,
ನೂರ ಹದಿನಾಲ್ಕರ ಒಳಗೆ ನಿಂತು ಚಿಲಕ ತಿರುಗಿಸುತ್ತೇನೆ.
ಟಕ್.
ಮತ್ತೆ ತೆಗೆದು ಪಕ್ಕದ ಕೋಣೆಗೆ ಹೋಗುತ್ತೇನೆ.
ಅಲ್ಲಿ ಬಾಗಿಲ ಬದಿಗೆ ಒಂದು ಕುರ್ಚಿ ಇಟ್ಟಿದ್ದಾರೆ
ಗಣಿತದ ಮಿಸೆಸ್ ಒಡೆಲ್,
ಯಾರೂ ಕೂರದ ಕುರ್ಚಿ, ಗಟ್ಟಿ ಮರದ್ದು.
ಕಸ ಗುಡಿಸಿ
ಅದನ್ನು ಇದ್ದಲ್ಲೇ ಇಟ್ಟು ಬರುತ್ತೇನೆ.