ಬಕೆಟ್ಟು ತುಂಬುವ ಹೊತ್ತು

ರೂವಿಯ ನಾಲ್ಕನೇ ಮಾಳಿಗೆಯ ಕೋಣೆಯಲ್ಲಿ
ಏಸಿಯ ಬಾಲದಿಂದ ನೀರು ತೊಟ್ಟಿಕ್ಕುತ್ತದೆ.
ನೀಲಿ ಬಕೆಟ್ಟು ತುಂಬಲು ಆರು ತಾಸು ಬೇಕು,
ನನ್ನ ಎದೆ ತುಂಬಲು
ಊರಿನಿಂದ ಒಂದು ಮಿಸ್ಡ್ ಕಾಲು ಸಾಕು.

ಮೂರೂವರೆಗೆ ಎಚ್ಚರ. ಯಾವಾಗಲೂ ಮೂರೂವರೆಗೇ,
ಯಾರೋ ಒಳಗಿನಿಂದ ಬಾಗಿಲು ಬಡಿದಂತೆ.
ಹೋದ ರಮದಾನಿನಲ್ಲಿ ಹೀಗೇ ಬಡಿದು ಬಡಿದು
ಪುತ್ತುಬಾವ ಟೀ ಅಂಗಡಿಯ ಶಟರು ಅರ್ಧಕ್ಕೆಳೆದು
ನನ್ನನ್ನು ಕ್ಲಿನಿಕ್ಕಿಗೆ ಹೊತ್ತೊಯ್ದ.
ಈಸಿಜಿಯ ಪಟ್ಟಿ ಹರಿದು ಕೈಗಿಟ್ಟ ಶೈನಿ ಸಿಸ್ಟರ್
ಹಾರ್ಟಿಗೆ ಏನೂ ಆಗಿಲ್ಲ ಎಂದಳು.
ಹಾಗಾದರೆ ನನಗೇನಾಗಿದೆ?
ಹೆದರಿಕೆ ಎಂದಳು,
ನೆಗಡಿ ಎಂದಷ್ಟು ಸಲೀಸಾಗಿ.
ಬಿಲ್ಲು ಹನ್ನೆರಡು ರಿಯಾಲು.
ಆ ಪಟ್ಟಿ ಪರ್ಸಿನಲ್ಲಿದೆ, ರೆಸಿಡೆಂಟ್ ಕಾರ್ಡಿನ ಹಿಂದೆ,
ಗೀಟುಗಳು ದಿನಕ್ಕಿಷ್ಟು ಮಾಸುತ್ತಾ.

ಆಮೇಲೆ ಕಲಿತದ್ದು ದೊಡ್ಡದೇನಲ್ಲ.
ಎಚ್ಚರವಾದಾಗ ಫೋನು ಮುಟ್ಟುವುದಿಲ್ಲ.
ಮುಟ್ಟಿದರೆ ಬ್ಯಾಂಕಿನ ಕಂತು, ತಂಗಿಯ ಸ್ಕ್ಯಾನಿಂಗು, ವೀಸಾದ ತಾರೀಕು
ಒಟ್ಟಿಗೇ ಹಾಸಿಗೆ ಹತ್ತುತ್ತವೆ.
ಹಾಸಿಗೆಯೋ, ಎರಡೂವರೆ ಅಡಿ.
ಅಂಗಾಲನ್ನು ಟೈಲ್ಸಿಗೆ ಒತ್ತಿ ಕೂತು
ಕತ್ತಲಲ್ಲಿ ಸಿಕ್ಕಿದ್ದನ್ನೆಲ್ಲ ಹೆಸರು ಹಿಡಿದು ಕರೆಯುತ್ತೇನೆ,
ಹಾಜರಿ ಕೂಗುವ ಮೇಷ್ಟರಂತೆ, ಮೆಲ್ಲಗೆ.
ಬಕೆಟ್ಟು.
ಲ್ಯಾನ್ಸಿಯ ಗೊರಕೆ.
ನಿನ್ನೆಯ ಒಗ್ಗರಣೆಯ ವಾಸನೆ.
ಮೊಳೆಗೆ ನೇತಾಡುವ ಬೆಲ್ಟು.
ಕಿಟಕಿಯಾಚೆ ಗುಡ್ಡ,
ಒಂದು ಗರಿಕೆಯೂ ಇಲ್ಲದೆ ಇಷ್ಟು ಸಾವಿರ ವರ್ಷ
ಸುಮ್ಮನೆ ಕೂತೇ ಬದುಕಿದ ಗುಡ್ಡ.
ಕೊನೆಗೆ ನನ್ನ ಹೆಸರು.
ಒಮ್ಮೊಮ್ಮೆ ಉತ್ತರ ಬರಲು ಹೊತ್ತಾಗುತ್ತದೆ.

ಹಗಲು ಲಾಂಡ್ರಿಯಲ್ಲಿ ಇಸ್ತ್ರಿ.
ಬಿಳಿ ದಿಶ್ದಾಶಗಳ ಸಾಲು, ಕೊರಳಲ್ಲೊಂದು ಗೊಂಡೆ,
ಗೊಂಡೆಯಲ್ಲಿ ಯಾರದೋ ಹಬ್ಬದ ಅತ್ತರಿನ ಉಳಿಕೆ.
ಪೆಟ್ಟಿಗೆ ಮುಂದೆ ಹೋದರೆ ಉಸಿರು ಹೊರಗೆ,
ಹಿಂದೆ ಬಂದರೆ ಒಳಗೆ.
ಯಾರೂ ಹೇಳಿಕೊಟ್ಟದ್ದಲ್ಲ,
ಒಂದು ಮಧ್ಯಾಹ್ನ ಕೈಯೇ ಕಲಿತು ಎದೆಗೆ ದಾಟಿಸಿತು.
ಯಜಮಾನ ನೋಡಿದರೆ ಕೆಲಸ ನಡೆಯುತ್ತಿದೆ.
ದಿನಕ್ಕೆ ಎಂಬತ್ತು ಅಂಗಿಯಷ್ಟು ಸಮಾಧಾನ,
ಕೆಲವು ದಿನ ಅರವತ್ತು.
ಒಮ್ಮೆ ತೋಳೊಂದು ಸುಟ್ಟೇ ಹೋಯಿತು,
ಸಂಬಳದಲ್ಲಿ ಹಿಡಿದರು.

ಮೂರನೇ ಟೀ ಬಿಟ್ಟೆ. ಪುತ್ತುಬಾವನಿಗೆ ಅದೇ ಬೇಜಾರು.
ಶುಕ್ರವಾರ ಸಂಜೆ ಮತ್ರಾದ ಕಾರ್ನಿಶ್ ಉದ್ದಕ್ಕೂ
ನಡೆಯುತ್ತಲೇ ತಂಗಿಗೆ ಫೋನು.
ಹೇಗಿದ್ದಿ ಎಂದರೆ
ಈಗೀಗ 'ಫಸ್ಟ್ ಕ್ಲಾಸ್' ಎನ್ನುವುದಿಲ್ಲ,
'ಇವತ್ತು ಅಷ್ಟಕ್ಕಷ್ಟೇ' ಎನ್ನುತ್ತೇನೆ.
ಒಂದು ಗಳಿಗೆ ಸುಮ್ಮನಿದ್ದು ಅವಳೂ
'ನಂದೂ ಹಾಗೇ ಮಾರಾಯ' ಎನ್ನುತ್ತಾಳೆ.
ಮೀನುದೋಣಿಗಳ ಮೇಲೆ ಹಕ್ಕಿಗಳು ಜಗಳಾಡುತ್ತಿರುತ್ತವೆ.

ಬಕೆಟ್ಟಿನ ನೀರು ಬಸಳೆಗೆ.
ಎಣ್ಣೆ ಡಬ್ಬಿಯಲ್ಲಿ ಬೇರು, ಹಳೇ ಆಂಟೆನಾ ತಂತಿಯಲ್ಲಿ ಬಳ್ಳಿ.
ಜೂನಿನ ಬಿಸಿಲಿಗೆ ಎಲೆಯೆಲ್ಲ ಸುಟ್ಟು ದಂಟು ಉಳಿದಿತ್ತು.
ಅದನ್ನು ನೋಡಿ ನನಗೆ ನನ್ನ ನೆನಪೇನೂ ಆಗಲಿಲ್ಲ.
ಅದಕ್ಕೆ ನೀರು ಬೇಕಿತ್ತು, ಅಷ್ಟೇ.

ನಿನ್ನೆ ಮೂರೂವರೆಗೆ ಎದ್ದರೆ
ಮೇಲಿನ ಮಂಚದ ಸುಕೇಶ, ಬಂದು ಇಪ್ಪತ್ತು ದಿನದ ಹುಡುಗ,
ಅಡುಗೆಕೋಣೆಯ ನೆಲದಲ್ಲಿ
ಎದೆ ಅಮುಕಿಕೊಂಡು ಕೂತಿದ್ದಾನೆ.
'ಅಣ್ಣ, ನಾನು ಸಾಯ್ತೇನಾ?'

ಪರ್ಸಿನಿಂದ ಪಟ್ಟಿ ತೆಗೆದು ಬಿಡಿಸಿದೆ.
ಅದರಲ್ಲಿ ಏನೂ ಇರಲಿಲ್ಲ.
ಬರೀ ಬಿಳಿ ಕಾಗದ.
ಲೈಟಿನಡಿ ಹಿಡಿದು ಇಬ್ಬರೂ ಹುಡುಕಿದೆವು.
ಅವನಿಗೆ ನಗು ಬಂತೋ ಅಳು ಬಂತೋ.
ನಾಲಗೆಯ ತುದಿಗೆ ಬಂದಿದ್ದ ಉಪದೇಶ ನುಂಗಿಕೊಂಡೆ.
ಬಕೆಟ್ಟು ಕಂಠದವರೆಗೆ ತುಂಬಿತ್ತು.
'ಒಂದು ಕಡೆ ಹಿಡಿ' ಎಂದೆ.

ಬಾಲ್ಕನಿ ತನಕ ಹನ್ನೊಂದು ಹೆಜ್ಜೆ.
ಚೆಲ್ಲದಂತೆ ನಡೆಯುವವನಿಗೆ
ಎದೆಗೆ ಕಿವಿಗೊಡಲು ಪುರುಸೊತ್ತಿಲ್ಲ.
ಏಳನೆಯದಕ್ಕೆ ಅವನ ಪಾದದ ಮೇಲೆ ಚೆಲ್ಲಿತು.
ನಿಂತ. ಕಾಲು ನೋಡಿಕೊಂಡ.
'ತಣ್ಣಗುಂಟು' ಎಂದ.